ಹಾರ್ಮೋನಿಯಂ ನುಡಿಸುವವರ ಫೋಟೊ

ನಮ್ಮ ಚರ್ಚಿನ ವೆಬ್‌ಸೈಟನ್ನು ಏಳು ವರ್ಷ ನಾನು ನೋಡಿಕೊಂಡೆ. ಯಾರೂ ನನ್ನನ್ನು ಆರಿಸಲಿಲ್ಲ, ನಾನಾಗಿ ಕೇಳಲೂ ಇಲ್ಲ. ನಾಸಿಕದ ಪಂಚವಟಿಯ ಒಂದು ಗಲ್ಲಿಯಲ್ಲಿ ನನ್ನದು ಡಿಟಿಪಿ ಅಂಗಡಿ. ಪುರೋಹಿತರ ವಿಸಿಟಿಂಗ್ ಕಾರ್ಡು, ಮದುವೆಯ ಪತ್ರಿಕೆ, ತೀರಿಹೋದವರ ಫೋಟೊದ ಸುತ್ತ ಹೂವಿನ ಚೌಕಟ್ಟು, ಇವೇ ದಿನದ ಕೆಲಸ. ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವವನು ಸಭೆಯಲ್ಲಿ ಆಗ ನಾನೊಬ್ಬನೇ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ನಗುತ್ತ ನನ್ನ ಹೆಗಲ ಮೇಲೆ ಕೈ ಹಾಕಿದರು. ಅಲ್ಲಿಗೆ ಕೆಲಸ ನನ್ನ ಕೊರಳಿಗೆ ಬಿತ್ತು.

ಚರ್ಚು ಮರಾಠಿಯವರದು. ಬೆಳಿಗ್ಗೆ ಒಂಬತ್ತಕ್ಕೆ ಅವರ ಆರಾಧನೆ, ಹನ್ನೊಂದಕ್ಕೆ ಅವೇ ಬೆಂಚುಗಳ ಮೇಲೆ ನಮ್ಮ ಕನ್ನಡದ್ದು. ಬೀದರ್, ಕಲಬುರಗಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಇಲ್ಲಿಯೇ ನಿಂತ ಮೂವತ್ತು ಮನೆಗಳು ನಾವು. ದೊಡ್ಡವರು ಕನ್ನಡ ಮಾತಾಡುತ್ತಾರೆ, ಮಕ್ಕಳಿಗೆ ಅರ್ಥವಾಗುತ್ತದೆ, ಓದಲು ಮಾತ್ರ ಬಾರದು. ಹೀಗಾಗಿ ನಮ್ಮ ಸಭೆಯ ವೆಬ್‌ಸೈಟಿನಲ್ಲಿ ಬರಹಕ್ಕಿಂತ ಫೋಟೊ ಹೆಚ್ಚಿರಲಿ ಎಂದು ಮೊದಲೇ ತೀರ್ಮಾನವಾಯಿತು. ಪಾಸ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹುರುಪಿನವರು, ಎಲ್ಲೋ ಒಂದು ತರಬೇತಿಗೆ ಹೋಗಿ ಬಂದಿದ್ದರು. ಸೋಮವಾರಕ್ಕೊಮ್ಮೆ ಹೊಸ ಫೋಟೊ ಬೀಳಬೇಕು, ಒಮ್ಮೆ ಬಂದವರು ಮತ್ತೆ ಬರುವ ಹಾಗಿರಬೇಕು, ಕಣ್ಣೀರಿನ ಸುದ್ದಿ ಮೊದಲ ಪುಟದಲ್ಲಿ ಬೇಡ, ಹೀಗೆ ಅವರು ನಿಯಮ ಹಾಕಿದರು. ನಾನು ತಲೆಯಾಡಿಸಿದೆ. ಆ ವರ್ಷ ಈಸ್ಟರಿನ ಫೋಟೊ ಕ್ರಿಸ್‌ಮಸ್ ಬರುವವರೆಗೂ ಅಲ್ಲೇ ಕೂತಿತ್ತು.

ನಾನು ಸೋಮಾರಿಯಾಗಿದ್ದೆ, ನಿಜ. ಆದರೆ ನೋಡುವವರಾದರೂ ಯಾರು? ಎಷ್ಟು ಜನ ಬಂದರು, ಯಾವ ಊರಿನಿಂದ ಬಂದರು, ಯಾವ ಪುಟ ನೋಡಿದರು ಎಂಬ ಲೆಕ್ಕ ಒಂದು ಪುಟದಲ್ಲಿ ನನಗೆ ಮಾತ್ರ ಕಾಣುತ್ತಿತ್ತು. ದಿನಕ್ಕೆ ನಾಲ್ಕೋ ಐದೋ. ಅದರಲ್ಲಿ ಎರಡು ಸಲ ನಾನೇ. ಒಂದು ಸಲ ಪಾಸ್ಟರ್, ನಾನು ಕೆಲಸ ಮಾಡಿದೆನೋ ಇಲ್ಲವೋ ಎಂದು ನೋಡಲು.

ಕನ್ನಡ ಆರಾಧನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ನನ್ನ ಅಪ್ಪ. ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದವರು, ಸಭೆಯ ಹಿರಿಯರು. ವೇದಿಕೆಯ ಎಡಗಡೆ ಜಮಖಾನೆಯ ಮೇಲೆ ಕೂತು, ಬಿಳಿ ಪೈಜಾಮ, ಬಿಳಿ ಅಂಗಿ, ಕಣ್ಣು ಮುಚ್ಚಿ ಬೀದರ್ ಕಡೆಯ ಭಜನೆಯ ಧಾಟಿಯಲ್ಲಿ ಕೀರ್ತನೆ ಎತ್ತಿದರೆ ಮರಾಠಿಯವರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸಭೆಯಲ್ಲಿ ಅವರ ಮಾತು ಎಲ್ಲರಿಗೂ ಹಿಡಿಸುತ್ತಿತ್ತು. ಮನೆಯಲ್ಲಿ ಅವರ ಮಾತನ್ನು ಮೀರುವ ಧೈರ್ಯ ನಮಗಿರಲಿಲ್ಲ. ಅಮ್ಮ ಹೋದ ಮೇಲೆ ಅವರ ಹಟ ಇನ್ನಷ್ಟು ಗಟ್ಟಿಯಾಗಿತ್ತು.

ಮೀರಿದವಳು ನನ್ನ ತಂಗಿ ಒಬ್ಬಳೇ. ವೆಬ್‌ಸೈಟು ಶುರುವಾದ ಮರುವರ್ಷ ಅವಳು ಕಲಬುರಗಿ ಕಡೆಯ ಒಬ್ಬ ಶೈವ ಹುಡುಗನನ್ನು ಮದುವೆಯಾದಳು. ಅವರದು ಬಟ್ಟೆಯ ವ್ಯಾಪಾರ, ಔರಂಗಾಬಾದಿನಲ್ಲಿ ಅಂಗಡಿ. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಹುಡುಗ ಒಳ್ಳೆಯವನು. ತಾನೇ ಮನೆಗೆ ಬಂದು ಅಪ್ಪನ ಮುಂದೆ ಕೈಕಟ್ಟಿ ನಿಂತು ಕೇಳಿದ್ದ. ಅಪ್ಪ ಅವನಿಗೆ ಚಹಾ ಕೊಡಿಸಿದರು, ಉತ್ತರ ಕೊಡಲಿಲ್ಲ. ರಿಜಿಸ್ಟರ್ ಮದುವೆಯಾದ ಮೇಲೆ ಊಟಕ್ಕೆ ಕರೆದು ಒಂದು ಕಾರ್ಡು ಬಂತು, ಅದರಲ್ಲಿ ಅಂಗಡಿಯ ಫೋನ್ ನಂಬರಿತ್ತು. ಅಪ್ಪ ಹರಿದು ಹಾಕುವ ಮೊದಲು ನಾನು ನಂಬರನ್ನು ಡೈರಿಯ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ.

ನಮ್ಮ ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆಯ ಕೊನೆಗೆ ಅಪ್ಪ ಮನೆಯವರ ಹೆಸರುಗಳನ್ನು ಒಂದೊಂದಾಗಿ ದೇವರ ಮುಂದೆ ಹೇಳುತ್ತಿದ್ದರು. ಬೀದರಿನ ಅಜ್ಜನ ಕಾಲದಿಂದ ಬಂದ ರೂಢಿ ಅದು. ಕಾರ್ಡು ಬಂದ ಸಂಜೆ ನನ್ನ ಹೆಸರು ಹೇಳಿದರು, ನನ್ನ ಹೆಂಡತಿಯದು ಹೇಳಿದರು, ತಂಗಿಯ ಹೆಸರು ಬರಬೇಕಾದ ಜಾಗದಲ್ಲಿ ಒಂದು ಉಸಿರು ನಿಂತು ಮುಂದಕ್ಕೆ ಹೋದರು. ಎದ್ದ ಮೇಲೆ ನನ್ನಿಂದ ಮಾತು ತೆಗೆದುಕೊಂಡರು. ಅವಳಿಗೆ ಫೋನ್ ಇಲ್ಲ, ಕಾಗದ ಇಲ್ಲ, ಹೋಗಿ ಬರುವುದೂ ಇಲ್ಲ. ನಾನು ಹೂಂ ಎಂದೆ. ನನಗೆ ಆಗಲೇ ಮಕ್ಕಳಿದ್ದವು, ತಲೆಯಲ್ಲಿ ಒಂದೆರಡು ಬಿಳಿ ಕೂದಲೂ ಇದ್ದವು. ಆದರೂ ಹೂಂ ಎಂದೆ. ಹೇಡಿ ಎಂಬ ಮಾತನ್ನು ಬೇರೆ ಯಾರೋ ನನಗೆ ಅನ್ನುವ ಮೊದಲು ನಾನೇ ಅಂದುಕೊಂಡುಬಿಡುತ್ತೇನೆ.

ಒಂದೂವರೆ ವರ್ಷ ಕಳೆದಿರಬೇಕು. ಒಂದು ದಿನ ಆ ಲೆಕ್ಕದ ಪುಟ ತೆಗೆದರೆ ಔರಂಗಾಬಾದ್ ಎಂದಿತ್ತು. ಮರುದಿನವೂ ಇತ್ತು. ಮಧ್ಯಾಹ್ನ ಎರಡರಿಂದ ಮೂರರೊಳಗೆ ಯಾರೋ ಬರುತ್ತಿದ್ದರು, ನೇರವಾಗಿ ಫೋಟೊಗಳ ಪುಟಕ್ಕೆ ಹೋಗುತ್ತಿದ್ದರು, ಹತ್ತು ಹನ್ನೆರಡು ನಿಮಿಷ ಅಲ್ಲೇ ಇರುತ್ತಿದ್ದರು. ಆ ಊರಿನಲ್ಲಿ ನಮ್ಮ ಸಭೆಯವರು ಯಾರೂ ಇರಲಿಲ್ಲ. ಮಧ್ಯಾಹ್ನ ಗಂಡ ಊಟಕ್ಕೆ ಹೋದಾಗ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರುವವರು ಯಾರು ಎಂದು ಊಹಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಿರಾಕಿಯೊಬ್ಬ ಬಂದು ಪತ್ರಿಕೆ ಕೇಳಿದರೆ ನಾಳೆ ಬಾ ಎಂದು ಕಳಿಸಿದೆ.

ಬಂದವರು ಏನಾದರೂ ಬರೆದು ಹೋಗಲಿ ಎಂದು ನಾನು ಗೆಸ್ಟ್‌ಬುಕ್ ಎಂಬ ಒಂದು ಪುಟ ಇಟ್ಟಿದ್ದೆ. ಬರೆದದ್ದು ಮೊದಲು ನನಗೆ ಬರುತ್ತಿತ್ತು, ನಾನು ಒಪ್ಪಿದರೆ ಮಾತ್ರ ಹೊರಗೆ ಕಾಣುತ್ತಿತ್ತು. ಒಂದು ವಾರದಲ್ಲಿ ಅದಕ್ಕೆ ಹೆಸರಿಲ್ಲದ ಒಂದು ಸಾಲು ಬಂತು. ಇಂಗ್ಲಿಷ್ ಅಕ್ಷರದಲ್ಲಿ ಮರಾಠಿ. ಭಜನೆ ಚೆನ್ನಾಗಿರುತ್ತದೆಂದು ಕೇಳಿದ್ದೇನೆ, ಹಾರ್ಮೋನಿಯಂ ನುಡಿಸುವ ಕಾಕಾ ಅವರ ಫೋಟೊ ಇನ್ನಷ್ಟು ಹಾಕಿ ಎಂದಿತ್ತು. ಹೆತ್ತ ಅಪ್ಪನನ್ನು ಯಾರೋ ಚಿಕ್ಕಪ್ಪ ಎಂಬಂತೆ ಕಾಕಾ ಎಂದು ಬರೆದಿದ್ದಳು. ನಾನು ಅದನ್ನು ಹೊರಗೆ ಬಿಡಲಿಲ್ಲ, ಅಳಿಸಲೂ ಇಲ್ಲ.

ಫೋನ್, ಕಾಗದ, ಹೋಗಿ ಬರುವುದು, ಅಪ್ಪ ಬೇಡವೆಂದದ್ದು ಈ ಮೂರನ್ನು. ವೆಬ್‌ಸೈಟಿನ ಮಾತೇ ಬಂದಿರಲಿಲ್ಲ. ಆ ಸೋಮವಾರದಿಂದ ನಾನು ಬೇರೆ ಮನುಷ್ಯನಾದೆ. ಭಾನುವಾರ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೆಂಚುಗಳ ನಡುವೆ ಓಡಾಡಿದೆ. ಅಪ್ಪ ಹಾರ್ಮೋನಿಯಂ ಮುಂದೆ, ಅಪ್ಪ ಮಕ್ಕಳಿಗೆ ಕೇಕು ಹಂಚುವಾಗ, ಸುಗ್ಗಿಯ ಹಬ್ಬದಲ್ಲಿ ಜೋಳದ ತೆನೆ ಹಿಡಿದು, ಚರ್ಚಿನ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತ. ವಾರಕ್ಕೆ ಹತ್ತು ಫೋಟೊ ಹಾಕಿದರೆ ಮೂರರಲ್ಲಿ ಅಪ್ಪ ಇರುತ್ತಿದ್ದರು. ಮಿಕ್ಕ ಏಳು ಯಾರಿಗೂ ಸಂಶಯ ಬರದಿರಲಿ ಎಂದು. ಪಾಸ್ಟರ್ ಹಿಗ್ಗಿ ಹೋದರು, ಬೇರೆ ಸಭೆಗಳವರು ನಮ್ಮ ವೆಬ್‌ಸೈಟನ್ನು ಮಾದರಿ ಎಂದು ಹೇಳುತ್ತಿದ್ದಾರೆಂದು ಸುದ್ದಿ ತಂದರು. ಮೂರು ವರ್ಷ ಹೀಗೆ ನಡೆಯಿತು. ದಿನಾ ಮಧ್ಯಾಹ್ನ ಔರಂಗಾಬಾದಿನಿಂದ ಒಬ್ಬರು ಬರುವರು, ನೋಡುವರು, ಹೋಗುವರು. ನಾನೇನೋ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆಮೇಲೆ ಅಪ್ಪನಿಗೆ ಅನ್ನ ನುಂಗಲು ತ್ರಾಸಾಗತೊಡಗಿತು. ಮೊದಲು ಗಂಟಲು ಕೆಟ್ಟಿದೆ ಎಂದರು, ಉಪ್ಪುನೀರು ಮುಕ್ಕಳಿಸಿದರು. ಮಳೆಗಾಲ ಶುರುವಾಗುವ ಹೊತ್ತಿಗೆ ಆಸ್ಪತ್ರೆಯವರು ಕ್ಯಾನ್ಸರ್ ಎಂದರು. ಎರಡು ತಿಂಗಳು ಕರೆಂಟು, ಅಂದರೆ ರೇಡಿಯೇಷನ್ನು, ಕೊಡಿಸಿದೆವು. ದನಿ ಹೋಯಿತು, ಕೊರಳ ಚರ್ಮ ಕಪ್ಪಾಯಿತು, ಮೈ ಇಳಿಯುತ್ತ ಹೋಯಿತು. ಶ್ರಾವಣದಲ್ಲಿ ಅವರು ಚರ್ಚಿಗೆ ಬರುವುದನ್ನು ಬಿಟ್ಟರು. ಬೇರೆ ಒಬ್ಬರು ಹಾರ್ಮೋನಿಯಂ ಮುಂದೆ ಕೂತರು.

ವೆಬ್‌ಸೈಟಿನಲ್ಲಿ ಪ್ರಾರ್ಥನೆಯ ವಿನಂತಿ ಎಂದು ಒಂದು ಪುಟವಿತ್ತು. ಕಾಯಿಲೆ ಬಿದ್ದವರ ಹೆಸರು ಅದರಲ್ಲಿ ಬರುತ್ತಿತ್ತು, ಕಂಡವರು ಕಂಡಲ್ಲೇ ಅವರಿಗಾಗಿ ಪ್ರಾರ್ಥಿಸಲಿ ಎಂದು. ಅಪ್ಪನ ಹೆಸರು ಹಾಕಲೇ ಎಂದು ಪಾಸ್ಟರ್ ಮನೆಗೆ ಬಂದು ಕೇಳಿದರು. ಅಪ್ಪ ಬೇಡವೆಂದು ಕೈಯಾಡಿಸಿದರು. ಅವರು ಹೋದ ಮೇಲೆ ಪಿಸುದನಿಯಲ್ಲಿ ನನಗೆ ಹೇಳಿದರು. "ನಾ ಮಂದಿಗಿ ಪ್ರಾರ್ಥನಾ ಮಾಡಾಂವ. ನನ್ನ ಜಡ್ಡು ಮಂದಿ ಬಾಯಾಗ ಬ್ಯಾಡ. ಈ ಮಾರಿನೂ ಎಲ್ಲೂ ತೋರಸಬ್ಯಾಡ."

ಮೂರು ಸೋಮವಾರ ಅಪ್ಪ ಇಲ್ಲದ ಫೋಟೊಗಳನ್ನೇ ಹಾಕಿದೆ. ನಾಲ್ಕನೆಯ ವಾರ ಗೆಸ್ಟ್‌ಬುಕ್ಕಿಗೆ ಮತ್ತೆ ಒಂದು ಸಾಲು ಬಂತು. ಕಾಕಾ ಕಾಣುತ್ತಿಲ್ಲವಲ್ಲ, ಆರಾಮಿದ್ದಾರಷ್ಟೇ?

ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಅರ್ಧ ದಿನ ಕೂತಿದ್ದೆ. ಆರಾಮಿಲ್ಲ ಬಾ ಎಂದು ಎರಡು ಮಾತು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಬರೆದರೆ ಅವಳು ಬರುತ್ತಾಳೆ, ಬಂದರೆ ಅಪ್ಪ ಬಾಗಿಲಿನಿಂದಲೇ ಹೊರಗೆ ಕಳಿಸುತ್ತಾರೆ, ಆ ಸ್ಥಿತಿಯಲ್ಲಿ ಅಂಥ ಸಿಟ್ಟು ಅವರ ಜೀವಕ್ಕೇ ಎರವಾದರೆ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವಿತ್ತು. ಹೆಚ್ಚಿನ ಪಾಲು ಅಪ್ಪನ ಹೆದರಿಕೆ, ಮುದಿ ಹುಲಿಯ ಹೆದರಿಕೆ. ನಾನು ಹಿಂದಿನ ವರ್ಷ ತೆಗೆದು ಹಾಕದೆ ಉಳಿಸಿದ್ದ ಒಂದು ಫೋಟೊ ಹುಡುಕಿ ತೆಗೆದೆ. ಅಪ್ಪ ಹಾರ್ಮೋನಿಯಂ ಮುಂದೆ ಕಣ್ಣು ಮುಚ್ಚಿ ಕೂತದ್ದು. ಹಿಂದಿನ ಬ್ಯಾನರಿನಲ್ಲಿ ಇಸವಿ ಇತ್ತು, ಆ ಅಂಚು ಕತ್ತರಿಸಿದೆ. ಈ ವಾರದ ಫೋಟೊಗಳ ನಡುವೆ ಅದನ್ನು ಸೇರಿಸಿಬಿಟ್ಟೆ. ಮರುದಿನ ಮಧ್ಯಾಹ್ನ ಔರಂಗಾಬಾದಿನವರು ಆ ಒಂದು ಫೋಟೊ ತೆಗೆದು ಇಪ್ಪತ್ತು ನಿಮಿಷ ಇದ್ದರು ಎಂದು ಲೆಕ್ಕದ ಪುಟ ತೋರಿಸಿತು.

ಒಮ್ಮೆ ಮಾಡಿದ ಮೇಲೆ ಎರಡನೆಯ ಸಲಕ್ಕೆ ಯೋಚನೆಯೇ ಬೇಕಾಗಲಿಲ್ಲ. ಮೂರು ವರ್ಷ ಎಡೆಬಿಡದೆ ತೆಗೆದು ಎಲ್ಲೂ ಹಾಕದ ಫೋಟೊಗಳು ರಾಶಿ ಬಿದ್ದಿದ್ದವು. ವಾರಕ್ಕೊಂದು ತೆಗೆದು, ಪರದೆಯ ಬಣ್ಣ ಬದಲಾಯಿಸಿ, ಪಕ್ಕದಲ್ಲಿ ಊರು ಬಿಟ್ಟು ಹೋದವರು ಯಾರಾದರೂ ಇದ್ದರೆ ಅವರನ್ನು ಅಳಿಸಿ ಹಾಕುತ್ತಿದ್ದೆ. ಸಭೆಯವರಾರೂ ಕೇಳಲಿಲ್ಲ. ಅವರು ವೆಬ್‌ಸೈಟು ನೋಡುತ್ತಿದ್ದುದು ತಮ್ಮ ಮಕ್ಕಳ ಫೋಟೊ ಇದ್ದಾಗ ಮಾತ್ರ. ಸಂಜೆ ಮನೆಗೆ ಹೋಗಿ ಅಪ್ಪನಿಗೆ ನಳಿಗೆಯಲ್ಲಿ ಗಂಜಿ ಹಾಕುತ್ತಿದ್ದೆ. ಬೆಳಿಗ್ಗೆ ಅಂಗಡಿಗೆ ಬಂದು ಅವರ ಕೆನ್ನೆಗೆ ಬೆಳಕು ಹೆಚ್ಚಿಸುತ್ತಿದ್ದೆ.

ದಸರೆಯ ಆಚೆಗೆ ಒಮ್ಮೆ ಮಾತ್ರ ನನಗೆ ಮನುಷ್ಯತ್ವ ನೆನಪಾಯಿತು. ಹಿಂದಿನ ದಿನ ಅಪ್ಪ ರಕ್ತ ಕಾರಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆಗೆದವನೇ ಪ್ರಾರ್ಥನೆಯ ಪುಟದಲ್ಲಿ, ನಮ್ಮ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರು ಬಹಳ ಕಾಯಿಲೆಯಲ್ಲಿದ್ದಾರೆ, ಪ್ರಾರ್ಥಿಸಿರಿ ಎಂದು ಮರಾಠಿಯಲ್ಲಿ ಹಾಕಿದೆ. ನಮ್ಮ ಸಭೆಯವರೊಬ್ಬರು ಆಫೀಸಿನಲ್ಲಿ ಅದನ್ನು ನೋಡಿ, ಪಾಪ, ಕಳವಳದಿಂದ ಹನ್ನೊಂದಕ್ಕೆಲ್ಲ ಮೋಸಂಬಿ ಹಿಡಿದುಕೊಂಡು ಮನೆಗೆ ಹೋದರು. ಹನ್ನೆರಡಕ್ಕೆ ಹೆಂಡತಿಯ ಫೋನು ಬಂತು, ಅಪ್ಪ ಔಷಧಿ ತೆಗೆದುಕೊಳ್ಳಲು ಒಲ್ಲೆ ಅನ್ನುತ್ತಿದ್ದಾರೆ, ಮೊದಲು ಅದನ್ನು ತೆಗೆಯಬೇಕಂತೆ ಎಂದು. ಆಗಲಿ ಎಂದು ಹೇಳಿ ನಾನು ಊಟಕ್ಕೆ ಹೋಗಿಬಿಡಬಹುದಿತ್ತು. ಮೂರು ತಾಸು ಆಮೇಲೆ ಬಂದು ತೆಗೆದೆ ಎಂದಿದ್ದರೆ ಕೇಳುವವರು ಯಾರು? ನಾನು ಹನ್ನೆರಡೂವರೆಗೆ ತೆಗೆದೆ. ಎರಡೂಕಾಲಿಗೆ ಔರಂಗಾಬಾದಿನಿಂದ ಬಂದರು, ಫೋಟೊಗಳನ್ನು ನೋಡಿದರು, ಹೋದರು.

ಕ್ರಿಸ್‌ಮಸ್ ಬಂದಾಗ ಹಳೆಯ ಫೋಟೊ ಸಾಲದಾಯಿತು. ಆ ವರ್ಷ ವೇದಿಕೆಗೆ ಹೊಸ ಅಲಂಕಾರ ಮಾಡಿದ್ದರು, ಬೇರೆಯವರು ಹಾರ್ಮೋನಿಯಂ ಮುಂದೆ ಕೂತಿದ್ದು ಎಲ್ಲ ಫೋಟೊಗಳಲ್ಲೂ ಕಾಣುತ್ತಿತ್ತು. ಅಪ್ಪನ ಫೋಟೊ ಇಲ್ಲದ ಕ್ರಿಸ್‌ಮಸ್ ನೋಡಿದರೆ ಅವಳು ಮತ್ತೆ ಕೇಳುತ್ತಾಳೆ. ನಾನು ಡಬ್ಬಿಯಂತಹ ಹಳೆಯ ಹಾರ್ಡ್‌ಡಿಸ್ಕು ತೆಗೆದು, ವೆಬ್‌ಸೈಟಿನ ಮೊದಲ ವರ್ಷದಲ್ಲಿ ತೆಗೆದು ಎಲ್ಲೂ ಹಾಕದೆ ಬಿಟ್ಟಿದ್ದ ಒಂದು ಚಿತ್ರ ಹುಡುಕಿದೆ. ಚಳಿಗಾಲದ ಉಡುಪು, ಮುಖ ಸರಿಯಾದ ಕಡೆಗೆ ತಿರುಗಿದೆ, ಬೆಳಕೂ ಹೊಂದುತ್ತದೆ. ಅಪ್ಪನನ್ನು ಅಂಚಿನುದ್ದಕ್ಕೂ ಕತ್ತರಿಸಿ ತೆಗೆದೆ. ಹೊಸಬರ ಜಾಗದಲ್ಲಿ ಕೂರಿಸಿದೆ. ಐದಾರು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು, ಕೂದಲನ್ನು ಬೆಳ್ಳಗೆ ಮಾಡಿದೆ, ಕಣ್ಣಿನ ಕೆಳಗೆ ಸ್ವಲ್ಪ ನೆರಳು ಎಳೆದೆ. ಎರಡು ತಾಸು ಹಿಡಿಯಿತು. ಅಷ್ಟು ನಾಜೂಕಿನ ಕೆಲಸ ನಾನು ಯಾವ ಗಿರಾಕಿಗೂ ಮಾಡಿಕೊಟ್ಟಿಲ್ಲ.

ಪಾಸ್ಟರ್ ಅದನ್ನು ನೋಡಿದರು. ಅಪ್ಪ ಕ್ರಿಸ್‌ಮಸ್ ದಿನ ಹಾಸಿಗೆಯಲ್ಲಿದ್ದದ್ದು ಅವರಿಗೆ ಗೊತ್ತು, ಅಂದು ಮನೆಗೆ ಬಂದು ಪ್ರಭುಭೋಜನದ ರೊಟ್ಟಿಯ ಚೂರನ್ನು ಅವರ ತುಟಿಗೆ ಮುಟ್ಟಿಸಿದವರು ಅವರೇ. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, ಇದು ಹೇಗೆ ಎಂದು ಕೇಳಿದರು. ಅಪ್ಪನದೇ ಆಸೆ ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖ ನೋಡಿ, ಬಂದವರಿಗೆ ಸಂತೋಷವಾಗುತ್ತದೆ ಬಿಡಿ ಎಂದು ಎದ್ದು ಹೋದರು. ಅವರನ್ನು ನಾನು ದೂರುವುದಿಲ್ಲ.

ಫೆಬ್ರುವರಿಯಲ್ಲಿ ಅಪ್ಪ ಮೆತ್ತಗಾದರು. ಮೈಯಷ್ಟೇ ಅಲ್ಲ, ಮನಸ್ಸೂ. ಹೆಂಡತಿ ಬೆನ್ನು ಒರೆಸುವಾಗ ಸುಮ್ಮನೆ ಕಣ್ಣಲ್ಲಿ ನೀರು ತರುತ್ತಿದ್ದರು. ಅವಳೇ ಹೇಳಿರಬೇಕು, ತಂಗಿ ನಮ್ಮ ವೆಬ್‌ಸೈಟು ನೋಡುವ ವಿಷಯ, ನಾನು ಅವಳೊಬ್ಬಳಿಗೇ ಹೇಳಿದ್ದು. ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಟಿದ್ದಾಗ ಅಪ್ಪ ಬೆರಳಾಡಿಸಿ ಹತ್ತಿರ ಕರೆದರು. ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ಮಾತು ಕೇಳುತ್ತಿತ್ತು.

"ತಮ್ಮಾ, ಅಕಿ ಚರ್ಚಿನ ಫೋಟೊ ನೋಡ್ತಾಳಂತಲ್ಲ, ಖರೇ ಏನು?"

"ಖರೇ ಅಪ್ಪಾ. ದಿನಾ ನೋಡ್ತಾಳ."

ಹಾಗೆ ಹೇಳುವಾಗ ಬಾಯಾರಿದವರಿಗೆ ನೀರು ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಐದು ವರ್ಷದಲ್ಲಿ ಅವರು ಅವಳ ವಿಷಯ ಎತ್ತಿದ್ದು ಅದೇ ಮೊದಲು.

"ನಾ ಅದರಾಗ ಇಲ್ಲದೇ ಆರು ತಿಂಗಳಾತು. ಅಪ್ಪ ಎಲ್ಲಿ ಹೋದ ಅಂತ ಒಂದು ಮಾತು ಕೇಳ್ಲಿಲ್ಲಲ್ಲ ಅಕಿ."

ಅವಳು ಕೇಳಿದ್ದಳು. ಮೂರು ವಾರ ಕಾಣದ್ದಕ್ಕೇ ಕೇಳಿದ್ದಳು. ಅದನ್ನು ಹೇಳಬೇಕಾದರೆ ನಾನೇನು ಉತ್ತರ ಕೊಟ್ಟೆ ಎಂಬುದನ್ನೂ ಹೇಳಬೇಕು. ಅಪ್ಪನಿಗೆ ಗೊತ್ತಿದ್ದ ವೆಬ್‌ಸೈಟಿನಲ್ಲಿ ಅವರ ಜಾಗ ಖಾಲಿ ಇತ್ತು. ತಂಗಿ ನೋಡುತ್ತಿದ್ದ ವೆಬ್‌ಸೈಟಿನಲ್ಲಿ ಅವರು ಪ್ರತಿ ಭಾನುವಾರ ಹಾಡುತ್ತಿದ್ದರು. ಅವರು ಗೋಡೆಯ ಕಡೆಗೆ ಹೊರಳಿದರು, ನಾನು ಹೊದಿಕೆ ಸರಿಮಾಡಿ ಅಂಗಡಿಗೆ ಹೋದೆ. ಅಂದು ಫೋನ್ ಮಾಡಬೇಕಿತ್ತು. ನಾಳೆ ಮಾಡೋಣ, ಅಪ್ಪನಿಗೆ ಮೊದಲು ಎಲ್ಲ ಒಪ್ಪಿಕೊಂಡು ಆಮೇಲೆ ಮಾಡೋಣ, ಭಾನುವಾರ ಕಳೆಯಲಿ ಎಂದು ದಿನ ದೂಡಿದೆ. ಅಪ್ಪ ಮತ್ತೆ ಅವಳ ಮಾತು ಎತ್ತಲಿಲ್ಲ. ಮಾರ್ಚ್ ಮೊದಲ ವಾರ ಒಂದು ಬುಧವಾರ ಬೆಳಕು ಹರಿಯುವಾಗ ಹೋದರು.

ಡೈರಿಯ ಹಿಂದಿನ ಹಾಳೆ ತೆಗೆದು ಏಳು ಗಂಟೆಗೆ ಫೋನ್ ಮಾಡಿದೆ. ಅಂಗಡಿಯ ಮೇಲೆಯೇ ಅವರ ಮನೆ. ಅವಳೇ ಎತ್ತಿದಳು. ನನ್ನ ಹೆಸರು ಹೇಳುವ ಮೊದಲೇ ಅಣ್ಣಾ ಅಂದಳು. ಅಪ್ಪ ಹೋದರು ಎಂದೆ. ಅವಳು ನಂಬಲಿಲ್ಲ.

"ಮೊನ್ನಿ ಸೋಮವಾರ ನೋಡೀನಿ ಅಣ್ಣಾ. ಹಾರ್ಮೋನಿಯಂ ಮುಂದ ಕುಂತಿದ್ದ. ಛಲೋ ಇದ್ದ."

ಎಂಟರ ಬಸ್ಸು ಹಿಡಿದು ಗಂಡನೊಂದಿಗೆ ಹೊರಟು ಒಂದೂವರೆಗೆ ಬಂದಳು. ನಾಲ್ಕಕ್ಕೆ ಮಣ್ಣು ಎಂದು ತೀರ್ಮಾನವಾಗಿತ್ತು. ಅಂಗಳದ ತುಂಬ ಸಭೆಯವರು. ಜನ ಸರಿದು ದಾರಿ ಬಿಟ್ಟರು. ಪೆಟ್ಟಿಗೆಯ ಹತ್ತಿರ ಬಂದವಳು ಒಳಗೆ ನೋಡಿ, ಬೇರೆ ಯಾರದೋ ಮನೆಗೆ ಬಂದವಳಂತೆ ಸುತ್ತಲೂ ಕಣ್ಣಾಡಿಸಿದಳು. ನಂತರ ಮತ್ತೆ ನೋಡಿದಳು. ಮೂವತ್ತೈದು ಕಿಲೊ ಕೂಡ ಇರದ ದೇಹ, ಕಪ್ಪು ಕೊರಳು, ಹಲ್ಲಿಗೆ ಅಂಟಿದ ತುಟಿ. ಅವಳು ಅಳಲಿಲ್ಲ. ಅಪ್ಪನ ಕೈಯನ್ನು ಎತ್ತಿ, ಹಾರ್ಮೋನಿಯಂ ನುಡಿಸಿ ನುಡಿಸಿ ದಪ್ಪವಾಗಿದ್ದ ಬೆರಳಿನ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಗಲೇ ಅವಳಿಗೆ ನಿಶ್ಚಯವಾದದ್ದು. ಎಷ್ಟು ದಿನದಿಂದ ಹೀಗೆ ಎಂದು ನನ್ನ ಹೆಂಡತಿಯನ್ನು ಕೇಳಿದಳು. ಒಂಬತ್ತು ತಿಂಗಳು ಎಂದು ಅವಳು ಹೇಳಿದಳು. ತಂಗಿ ನನ್ನ ಕಡೆ ತಿರುಗಿದಳು. ಒಂದೇಟು ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಣ್ಣಾದ ಮೇಲೆ ಜನ ಚದುರಿದರು. ಅವಳ ಗಂಡ ರಿಕ್ಷಾ ತರಲು ಗೇಟಿನ ಕಡೆ ಹೋದ. ಹಸಿ ಮಣ್ಣಿನ ಮುಂದೆ ನಾವಿಬ್ಬರೇ ಉಳಿದೆವು. ಅವಳು ಆ ಮಣ್ಣನ್ನೇ ನೋಡುತ್ತ ಕೇಳಿದಳು.

"ಫೋಟೊ ಎಲ್ಲಾ ಹಳೇವು ಏನು ಅಣ್ಣಾ?"

ಹೌದೆಂದು ತಲೆಯಾಡಿಸಿದೆ.

"ಕ್ರಿಸ್‌ಮಸ್‌ದೂ? ಅದರಾಗ ನಾ ಹೆಣೆದ ಸ್ವೆಟರ್ ಹಾಕ್ಕೊಂಡಿದ್ದ. ಅದು ನೋಡೇ ಅಪ್ಪನ ಸಿಟ್ಟು ಇಳಿದದ ಅಂದ್ಕೊಂಡೆ. ಈಸ್ಟರಿಗಿ ಮಕ್ಕಳಿಗಿ ಕರ್ಕೊಂಡು ಬರಬೇಕಂತ ಇವರಿಗಿ ಹೇಳಿಟ್ಟಿದ್ದೆ."

ಆ ಸ್ವೆಟರು ನನಗೆ ಕಂಡೇ ಇರಲಿಲ್ಲ. ಎರಡು ತಾಸು ಅದರ ಅಂಚಿನ ಸುತ್ತಲೇ ಕತ್ತರಿಸಿದ್ದೆ, ಒಂದೊಂದು ಎಳೆ ಬಿಡದಂತೆ, ಆದರೂ ಕಂಡಿರಲಿಲ್ಲ. ಮದುವೆಗೆ ಮೊದಲಿನ ಚಳಿಗಾಲದಲ್ಲಿ ಅವಳು ಹೆಣೆದುಕೊಟ್ಟಿದ್ದಳು. ಅವಳು ಮನೆ ಬಿಟ್ಟು ಹೋದ ವರ್ಷವೇ, ಗೋದಾವರಿಯ ಘಾಟಿನಲ್ಲಿ ಮಲಗುವವರಿಗೆ ಕೊಡಲು ಚರ್ಚಿನಲ್ಲಿ ಬಟ್ಟೆ ಕೂಡಿಸಿದಾಗ, ಅಪ್ಪ ಅದನ್ನು ಮಡಚಿ ಗಂಟಿನ ಮೇಲಿಟ್ಟಿದ್ದರು. ಗಂಟನ್ನು ಸ್ಕೂಟರಿನ ಮೇಲೆ ಒಯ್ದು ಕೊಟ್ಟವನು ನಾನೇ.

ಅವಳಿಗೆ ಹೇಳಲು ನನ್ನ ಹತ್ತಿರ ನಿಜವಾದದ್ದು ಒಂದಿತ್ತು. ಅಪ್ಪ ಕೊನೆಗೆ ನಿನ್ನನ್ನು ನೆನೆಸಿದರು, ನೀನು ಕೇಳಲಿ ಎಂದು ಕಾದರು ಎಂದು. ಅವಳು ಅದಕ್ಕಾಗಿಯೇ ಸುಮಾರು ನಾಲ್ಕು ವರ್ಷ ಆ ಕಂಪ್ಯೂಟರಿನ ಮುಂದೆ ಕೂ‍ತಿದ್ದಳು. ಆದರೆ ಅದನ್ನು ಹೇಳಿದರೆ, ಮಗಳು ದಿನಾ ನೋಡಿಯೂ ಕೇಳಲಿಲ್ಲ ಎಂಬ ಸಂಕಟದಲ್ಲಿ ಅಪ್ಪ ಜೀವ ಬಿಟ್ಟರು ಎಂಬುದನ್ನೂ ಹೇಳಬೇಕು, ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನೂ. ಅವಳಿಗೆ ಆ ಭಾರ ಬೇಡ ಎಂದು ಬಚ್ಚಿಟ್ಟೆನೋ, ನನ್ನ ಮಾನ ಉಳಿಯಲಿ ಎಂದು ಬಚ್ಚಿಟ್ಟೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡನೆಯದೇ ಇರಬೇಕು.

"ಅದು ಈ ವರ್ಷದ್ದೇ. ಅದೊಂದು ದಿನ ಎತ್ಗೊಂಡು ಹೋಗಿ ಕುಂದರ್ಸಿದ್ವಿ."

ಅವಳ ಮುಖ ಆಗ ಮುರಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಬಂದಾಗಿನಿಂದ ಮೊದಲ ಸಲ. ಸಮಾಧಾನವಾದ ಮೇಲೆ, ಆ ಸ್ವೆಟರ್ ಎಲ್ಲಿದೆ, ತಾನು ಒಯ್ಯುತ್ತೇನೆ ಎಂದಳು.

"ಪೆಟ್ಟಿಗ್ಯಾಗ ಇಟ್ಟೀವಿ ತಂಗಿ. ಕಾಲ ಹತ್ರ, ಚಾದರದ ಕೆಳಗ."

ಅವಳು ಬಗ್ಗಿ, ಕಾಲಿರುವ ಕಡೆಯ ಮಣ್ಣಿನ ಮೇಲೆ ಅಂಗೈ ಇಟ್ಟಳು.

"ಛಲೋ ಮಾಡಿದಿ ಅಣ್ಣಾ. ಅಪ್ಪಗ ಥಂಡಿ ತಡಿಯಂಗಿಲ್ಲ."

ನಾನು ಹೂಂ ಅಂದೆ.